ಬೆಳಕಿನ ತೀರ್ಮಾನ: ಛಾಯಾಗ್ರಹಣವೆಂದರೆ ಯಾವ ಕೆಲಸ?



ನಮ್ಮಲ್ಲಿ ಸಿನಿಮಾದ ಚರ್ಚೆ ಬೆಳೆದದ್ದು ಸಾಹಿತ್ಯದ ಪಡಸಾಲೆಯಲ್ಲಿ. ಕಾದಂಬರಿ ಚಿತ್ರವಾದಾಗ ಏನು ಉಳಿಯಿತು, ಏನು ಹೋಯಿತು ಎಂದು ನಾವು ಗಂಟೆಗಟ್ಟಲೆ ಮಾತಾಡಬಲ್ಲೆವು. ಸಂಭಾಷಣೆಯನ್ನು, ಹಾಡಿನ ಸಾಹಿತ್ಯವನ್ನು ತೂಗಿ ನೋಡಬಲ್ಲೆವು. ನಟನೆಯ ಬಗ್ಗೆಯಂತೂ ಪ್ರತಿಯೊಬ್ಬರಿಗೂ ಖಚಿತ ಅಭಿಪ್ರಾಯವಿದೆ. ಆದರೆ ಕ್ಯಾಮೆರಾದ ಹಿಂದೆ ನಿಂತವನ ಕೆಲಸಕ್ಕೆ ಬಂದಾಗ ನಮ್ಮ ಮಾತು ಒಂದೇ ವಾಕ್ಯಕ್ಕೆ ಮುಗಿದುಹೋಗುತ್ತದೆ: ಛಾಯಾಗ್ರಹಣ ಕಣ್ಣಿಗೆ ಹಬ್ಬ. ವಿಮರ್ಶೆಯ ಕೊನೆಯ ಪ್ಯಾರಾದಲ್ಲಿ, ಸಂಕಲನ ಮತ್ತು ಹಿನ್ನೆಲೆ ಸಂಗೀತದ ನಡುವೆ ಎಲ್ಲೋ, ಆ ವಾಕ್ಯ ಬಂದು ಹೋಗುತ್ತದೆ. ಇಂದಿನ ಉಪನ್ಯಾಸಕ್ಕೆ ಛಾಯಾಗ್ರಹಣವನ್ನೇ ವಿಷಯವಾಗಿ ಆರಿಸಿಕೊಂಡಿರುವುದು ಆ ಒಂದು ವಾಕ್ಯದ ಬಗ್ಗೆ ನನಗಿರುವ ಅಸಮಾಧಾನದಿಂದ.

ಆ ಹೊಗಳಿಕೆ ಬೀಳುವುದು ಯಾವ ಚಿತ್ರಗಳ ಮೇಲೆ ಎಂದು ಗಮನಿಸಿ. ಜೋಗ ಇದ್ದರೆ, ಕಾಫಿ ತೋಟ ಇದ್ದರೆ, ಆಗುಂಬೆಯ ಮಂಜು ಇದ್ದರೆ ಛಾಯಾಗ್ರಹಣ ಚೆನ್ನಾಗಿದೆ ಎನ್ನುತ್ತೇವೆ. ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಇಬ್ಬರು ಜಗಳವಾಡುವ ಚಿತ್ರಕ್ಕೆ ಹಾಗೆ ಹೇಳಿದ್ದನ್ನು ನಾನು ಓದಿದ ನೆನಪಿಲ್ಲ. ಅಂದರೆ ನಾವು ಹೊಗಳುತ್ತಿರುವುದು ಜಾಗವನ್ನು. ಜಾಗವನ್ನು ಸೃಷ್ಟಿಸಿದ್ದು ಪ್ರಕೃತಿ. ಛಾಯಾಗ್ರಾಹಕ ಮಾಡಿದ್ದು ಏನು?

‘ಮುಂಗಾರು ಮಳೆ’ಯನ್ನೇ ತೆಗೆದುಕೊಳ್ಳಿ. 2006ರ ಕೊನೆಯಲ್ಲಿ ಬಂದ ಆ ಚಿತ್ರ ನೋಡಿ ಇಡೀ ನಾಡು ಜೋಗಕ್ಕೆ ಹೊರಟಿತು. ಎಸ್. ಕೃಷ್ಣ ಅವರ ಕ್ಯಾಮೆರಾಕ್ಕೆ ಸಿಕ್ಕ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಮಳೆಯನ್ನು ತೋರಿಸುವುದು ಎಷ್ಟು ಕಷ್ಟ ಎಂಬುದು ಆ ಮೆಚ್ಚುಗೆಯೊಳಗೆ ಸೇರಿರಲಿಲ್ಲ. ಮಳೆಹನಿ ಪಾರದರ್ಶಕ. ಮುಂದಿನಿಂದ ಬೆಳಕು ಬಿದ್ದರೆ ಅದು ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಧೋ ಎಂದು ಸುರಿಯುವ ಮಳೆಯಲ್ಲೂ ನಟ ಸುಮ್ಮನೆ ಒದ್ದೆಯಾಗಿ ನಿಂತಂತೆ ಕಾಣುತ್ತದೆ. ಹಿಂದಿನಿಂದ ಅಥವಾ ಓರೆಯಿಂದ ಬೆಳಕು ಬಿದ್ದು, ಅದರ ಹಿನ್ನೆಲೆಯಲ್ಲಿ ಕಪ್ಪು ಮರವೋ ಗೋಡೆಯೋ ಇದ್ದಾಗ ಮಾತ್ರ ಹನಿ ಬೆಳ್ಳಿಯ ಎಳೆಯಾಗಿ ಎದ್ದು ಕಾಣುತ್ತದೆ. ತೆರೆಯ ಮೇಲೆ ಮಳೆ ಕಂಡಿತೆಂದರೆ ಅದು ಕಾಣಬೇಕೆಂದು ಯಾರೋ ತೀರ್ಮಾನಿಸಿ, ಬೆಳಕಿನ ದಿಕ್ಕನ್ನು ನೋಡಿಕೊಂಡು ಕ್ಯಾಮೆರಾ ಇಟ್ಟಿದ್ದಾರೆ ಎಂದರ್ಥ.

ಅದಕ್ಕೆ ನಾಲ್ಕು ವರ್ಷ ಮೊದಲು ಬಂದ ‘ದ್ವೀಪ’ದಲ್ಲೂ ಮಳೆಯಿದೆ. ನಾ. ಡಿಸೋಜ ಅವರ ಕಾದಂಬರಿ, ಗಿರೀಶ ಕಾಸರವಳ್ಳಿಯವರ ನಿರ್ದೇಶನ, ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾ. ಆ ಮಳೆ ಹಾಡಿಗೆ ಬಂದ ಮಳೆಯಲ್ಲ. ಮನೆಯ ಹೊಸ್ತಿಲ ಕಡೆಗೆ ನೀರು ಏರಿಸುತ್ತಿರುವ ಮಳೆ. ಅಲ್ಲಿ ಬೆಳ್ಳಿ ಎಳೆಗಳ ಹೊಳಪು ಬೇಕಿರಲಿಲ್ಲ. ಬೂದು ಬಣ್ಣದ ಆಕಾಶ, ಕಂದು ನೀರು, ಹಗಲು ಯಾವುದು ಸಂಜೆ ಯಾವುದು ಎಂದು ತಿಳಿಯದ ಮಬ್ಬು ಬೇಕಿತ್ತು. ಆ ಚಿತ್ರದ ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಎರಡೂ ಮಲೆನಾಡಿನ ಮಳೆ, ಎರಡೂ ಒಳ್ಳೆಯ ಛಾಯಾಗ್ರಹಣ. ಬೇರೆಯಾದದ್ದು ಕ್ಯಾಮೆರಾದ ಹಿಂದಿನ ತೀರ್ಮಾನ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ಛಾಯಾಗ್ರಹಣವೆಂದರೆ ಚೆಂದದ್ದನ್ನು ಸೆರೆಹಿಡಿಯುವ ಕೆಲಸವಲ್ಲ, ಕಥೆಯ ಈ ಕ್ಷಣಕ್ಕೆ ಬೆಳಕು ಎಲ್ಲಿಂದ ಬರಬೇಕು, ಎಷ್ಟು ಬರಬೇಕು, ಎಲ್ಲಿ ಬರಲೇಬಾರದು ಎಂದು ತೀರ್ಮಾನಿಸುವ ಕೆಲಸ.

ಈ ಅರ್ಥ ನಮ್ಮಲ್ಲಿ ಗಟ್ಟಿಯಾಗಿ ನಿಲ್ಲದಿರುವುದಕ್ಕೆ ಸಿನಿಮಾಟೋಗ್ರಫಿ ಎಂಬ ಇಂಗ್ಲಿಷ್ ಪದ ನಡೆದುಬಂದ ದಾರಿಯೂ ಒಂದು ಕಾರಣ. ಸಿನಿಮಾಟೋಗ್ರಾಫ್ ಎಂಬುದು ಮೊದಲಿಗೆ ಕಲೆಯ ಹೆಸರಲ್ಲ, ಒಂದು ಪೆಟ್ಟಿಗೆಯ ಹೆಸರು. ಫ್ರಾನ್ಸಿನ ಲಿಯೋನ್ ಬೂಲಿ ಎಂಬಾತ 1892ರಲ್ಲಿ ಈ ಹೆಸರನ್ನು ತನ್ನ ಯಂತ್ರಕ್ಕೆ ಇಟ್ಟು ಪೇಟೆಂಟ್ ಪಡೆದ. ಶುಲ್ಕ ಕಟ್ಟಲಾಗದೆ ಹಕ್ಕು ಕಳೆದುಕೊಂಡ. 1895ರ ಫೆಬ್ರವರಿಯಲ್ಲಿ ಲುಮಿಯೇರ್ ಸೋದರರು ಅದೇ ಹೆಸರಿನಲ್ಲಿ ತಮ್ಮ ಯಂತ್ರಕ್ಕೆ ಪೇಟೆಂಟ್ ಮಾಡಿಸಿದರು. ಸುಮಾರು ಐದು ಕಿಲೋ ತೂಕದ, ಕೈಯಲ್ಲಿ ತಿರುಗಿಸುವ ಆ ಪೆಟ್ಟಿಗೆ ಚಿತ್ರ ತೆಗೆಯುತ್ತಿತ್ತು, ಪ್ರತಿ ಮಾಡುತ್ತಿತ್ತು, ಹಿಂದೆ ದೀಪ ಇಟ್ಟರೆ ತೆರೆಯ ಮೇಲೆ ತೋರಿಸುತ್ತಲೂ ಇತ್ತು. ಮೂರು ಕೆಲಸಕ್ಕೂ ಒಂದೇ ಯಂತ್ರ, ಒಬ್ಬನೇ ಆಳು. ಆ ವರ್ಷದ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ, 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಅದರ ಪ್ರದರ್ಶನವಾಯಿತು. ಭಾರತಕ್ಕೆ ಸಿನಿಮಾಟೋಗ್ರಾಫ್ ಬಂದದ್ದು ಹೀಗೆ, ತೋರಿಸುವ ಯಂತ್ರವಾಗಿ.

ಮುಂದೆ ನಮ್ಮಲ್ಲಿ ಆ ಪದವನ್ನು ಹಿಡಿದುಕೊಂಡದ್ದು ಕಾನೂನು. 1918ರ ಸಿನಿಮಾಟೋಗ್ರಾಫ್ ಕಾಯಿದೆ ಇದ್ದದ್ದು ಟೆಂಟು, ಥಿಯೇಟರುಗಳ ಸುರಕ್ಷತೆ, ಪರವಾನಗಿ ಮತ್ತು ಸೆನ್ಸಾರಿನ ಸಲುವಾಗಿ. 1927ರಲ್ಲಿ ಟಿ. ರಂಗಾಚಾರಿಯರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಚಾರಣಾ ಸಮಿತಿಗೂ ಇಂಡಿಯನ್ ಸಿನಿಮಾಟೋಗ್ರಾಫ್ ಕಮಿಟಿ ಎಂದೇ ಹೆಸರು. ಈಗಲೂ ಚಿತ್ರ ಶುರುವಾಗುವ ಮುನ್ನ ತೆರೆಯ ಮೇಲೆ ಬರುವ ಪ್ರಮಾಣಪತ್ರದ ಹಿಂದಿರುವುದು 1952ರ ಸಿನಿಮಾಟೋಗ್ರಾಫ್ ಕಾಯಿದೆ. ಚಲಿಸುವ ಚಿತ್ರಗಳನ್ನು ತೋರಿಸುವ ಉಪಕರಣ ಎಂಬುದೇ ಕಾನೂನಿನ ಪ್ರಕಾರ ಆ ಪದದ ಅರ್ಥ. ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ.

ಸ್ಟುಡಿಯೋಗಳು ಬೆಳೆದಂತೆ ಚಿತ್ರ ತೆಗೆಯುವವನು, ಸಂಸ್ಕರಿಸುವವನು, ತೋರಿಸುವವನು ಬೇರೆಬೇರೆಯಾದರು. ಪದ ಮಾತ್ರ ಮೊದಲನೆಯವನ ಪಾಲಿಗೆ ಬಂತು. ಅಮೆರಿಕದಲ್ಲಿ ಛಾಯಾಗ್ರಾಹಕರ ಸಂಘ ಎ.ಎಸ್.ಸಿ. ಹುಟ್ಟಿದ್ದು 1919ರಲ್ಲಿ. ಮೊದಲ ಆಸ್ಕರ್ ಸಮಾರಂಭದಲ್ಲೇ ಛಾಯಾಗ್ರಹಣಕ್ಕೆ ಪ್ರಶಸ್ತಿಯಿತ್ತು. ‘ಸನ್‌ರೈಸ್’ ಚಿತ್ರಕ್ಕೆ ಚಾರ್ಲ್ಸ್ ರೋಷರ್, ಕಾರ್ಲ್ ಸ್ಟ್ರಸ್ ಅದನ್ನು ಹಂಚಿಕೊಂಡರು. ಬ್ರಿಟನ್ನಿನವರು ಬಹುಕಾಲ ಲೈಟಿಂಗ್ ಕ್ಯಾಮೆರಾಮನ್ ಎನ್ನುತ್ತಿದ್ದರು. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನಡೆಸುವ ಆಪರೇಟರ್ ಬೇರೆ, ಬೆಳಕನ್ನು ನಿರ್ಧರಿಸುವವನು ಬೇರೆ ಎಂಬ ತಿಳಿವಳಿಕೆ ಅಲ್ಲಿತ್ತು. 1941ರ ‘ಸಿಟಿಜನ್ ಕೇನ್’ನಲ್ಲಿ ಆರ್ಸನ್ ವೆಲ್ಸ್ ತನ್ನ ನಿರ್ದೇಶನದ ಶೀರ್ಷಿಕೆಯ ಫಲಕದಲ್ಲೇ ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಹೆಸರನ್ನು ಹಾಕಿಸಿದ. ಫ್ರಾನ್ಸಿನ ನಿರ್ದೇಶಕ ರಾಬರ್ಟ್ ಬ್ರೆಸೋನ್ ಇದೇ ಪದವನ್ನು ಇನ್ನೊಂದು ಕಡೆಗೆ ಎಳೆದ. ನಾಟಕವನ್ನು ಚಿತ್ರೀಕರಿಸಿದರೆ ಅದು ಬರಿ ಸಿನಿಮಾ. ಚಿತ್ರ ಮತ್ತು ಶಬ್ದಗಳ ಸಂಬಂಧದಿಂದಲೇ ಬರೆದದ್ದು ಸಿನಿಮಾಟೋಗ್ರಾಫ್ ಎಂದು ಅವನ ವಾದ. ಅವನಿಗೆ ಆ ಪದ ಒಂದು ಇಲಾಖೆಯ ಹೆಸರಾಗಿರದೆ ಇಡೀ ಕಲೆಯ ಹೆಸರಾಗಿತ್ತು. ಪದದ ವಿಚಾರ ಇಷ್ಟು ಸಾಕು. ಕೆಲಸದ ಹತ್ತಿರ ಹೋಗೋಣ.

ಮಲೆನಾಡಿನ ಹಳೆಯ ಮನೆಯೊಂದರ ನಡುಮನೆಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಮಧ್ಯಾಹ್ನ. ತೆರೆದ ಬಾಗಿಲಿನಾಚೆ ಅಂಗಳದಲ್ಲಿ ಅಡಿಕೆ ಒಣಗಿಸಿದ್ದಾರೆ, ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಂಬಕ್ಕೊರಗಿ ಒಬ್ಬ ಹೆಂಗಸು ಕೂತಿದ್ದಾಳೆ. ನಿಮ್ಮ ಕಣ್ಣಿಗೆ ಅಡಿಕೆಯೂ ಕಾಣುತ್ತದೆ, ಹೆಂಗಸಿನ ಮುಖವೂ ಕಾಣುತ್ತದೆ. ಕ್ಯಾಮೆರಾಕ್ಕೆ ಎರಡೂ ಒಟ್ಟಿಗೆ ಕಾಣುವುದು ಕಷ್ಟ. ಛಾಯಾಗ್ರಾಹಕರು ಬೆಳಕನ್ನು ಸ್ಟಾಪ್‌ಗಳಲ್ಲಿ ಎಣಿಸುತ್ತಾರೆ. ಒಂದು ಸ್ಟಾಪ್ ಎಂದರೆ ಎರಡು ಪಟ್ಟು. ಅಂಗಳಕ್ಕೂ ನಡುಮನೆಗೂ ಎಂಟು ಸ್ಟಾಪ್ ವ್ಯತ್ಯಾಸವಿದ್ದರೆ, ಮತ್ತು ಇಂಥ ಮನೆಗಳಲ್ಲಿ ಅಷ್ಟು ಇರುವುದು ಸಾಮಾನ್ಯ, ಹೊರಗಿನ ಬೆಳಕು ಒಳಗಿನದರ 256 ಪಟ್ಟು. ನಿಮ್ಮ ಕಣ್ಣಿನ ಪಾಪೆ ಅತ್ತ ನೋಡಿದಾಗ ಕಿರಿದಾಗಿ, ಇತ್ತ ನೋಡಿದಾಗ ಹಿರಿದಾಗಿ, ಮಿದುಳು ಎರಡನ್ನೂ ಹೊಲಿದು ಒಂದೇ ನೋಟ ಮಾಡಿಕೊಡುತ್ತದೆ. ಫಿಲಮ್ಮಿಗೆ ಈ ಸೌಲಭ್ಯವಿಲ್ಲ. ಸೆಕೆಂಡಿಗೆ 24 ಚೌಕಟ್ಟು, ಪ್ರತಿ ಚೌಕಟ್ಟಿಗೆ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ಬೆಳಕು. ಅಷ್ಟರಲ್ಲಿ ಬೆಳಕು ಒಳಬರುವ ಕಿಂಡಿಗೆ, ಅಂದರೆ ಅಪರ್ಚರ್‌ಗೆ, ಒಂದೇ ಅಳತೆ.

ಈಗ ತೀರ್ಮಾನ ಆಗಬೇಕು. ಅಂಗಳಕ್ಕೆ ಸರಿಹೊಂದಿಸಿದರೆ ಹೆಂಗಸು ಬಾಗಿಲ ಮುಂದಿನ ಕಪ್ಪು ಆಕಾರವಾಗುತ್ತಾಳೆ. ಅವಳ ಮುಖಕ್ಕೆ ಸರಿಹೊಂದಿಸಿದರೆ ಅಂಗಳ ಸುಟ್ಟು ಬಿಳಿಯ ಚೌಕವಾಗುತ್ತದೆ, ಹೊರಗೆ ಲೋಕವೇ ಇಲ್ಲವೇನೋ ಎನ್ನುವಂತೆ. ಎರಡೂ ಬೇಕೆಂದರೆ ಒಳಗೆ ಲೈಟು ಇಟ್ಟು ಮುಖವನ್ನು ಎತ್ತಬೇಕು; ಆಗ ಆ ಬೆಳಕು ಎಲ್ಲಿಂದ ಬಂತೆಂದು ಪ್ರೇಕ್ಷಕನ ಮನಸ್ಸು ತಿಳಿಯದೆಯೇ ಪ್ರಶ್ನೆ ಕೇಳುತ್ತದೆ. ಗಂಡನ ಬರವಿಗೆ ಕಾಯುತ್ತಿರುವವಳೇ ಇವಳು? ಹಾಗಾದರೆ ಅಂಗಳ ಕಾಣಬೇಕು. ಹೊರಗೆ ಕಾಲಿಡುವ ಹಕ್ಕಿಲ್ಲದವಳೇ? ಹಾಗಾದರೆ ಅಂಗಳ ಸುಟ್ಟುಹೋಗಲಿ. ಬೆಳಕಿನ ಅಳತೆಯ ಪ್ರಶ್ನೆಯೆಂದು ಶುರುವಾದದ್ದು ಆ ಹೆಂಗಸಿನ ಬದುಕಿನ ಪ್ರಶ್ನೆಯಾಗುವುದು ಹೀಗೆ. ಚಿತ್ರಕಥೆ ಓದದ ಛಾಯಾಗ್ರಾಹಕ ಇದಕ್ಕೆ ಉತ್ತರಿಸಲಾರ.

ಇಂಥ ಉತ್ತರಗಳನ್ನು ಈ ದೇಶದಲ್ಲಿ ಅತ್ಯಂತ ಧೈರ್ಯವಾಗಿ ಕೊಟ್ಟವರಲ್ಲಿ ಒಬ್ಬರು ಮೈಸೂರಿನವರು. ವೆಂಕಟರಾಮ ಪಂಡಿತ ಕೃಷ್ಣಮೂರ್ತಿ, ಹಿಂದಿ ಚಿತ್ರರಂಗಕ್ಕೆ ವಿ.ಕೆ. ಮೂರ್ತಿ. 1923ರಲ್ಲಿ ಹುಟ್ಟಿದರು. ಪಿಟೀಲು ಕಲಿತರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋದರು, ಸಿನಿಮಾದ ಹುಚ್ಚಿನಿಂದ ಮುಂಬಯಿಗೆ ಹೋಗಿ ಬರಿಗೈಯಲ್ಲಿ ವಾಪಸಾದರು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರರ ಹೆಸರಿನ ವೃತ್ತಿ ಶಿಕ್ಷಣ ಸಂಸ್ಥೆ ತೆರೆಯಿತು. ಇಂದು ನಾವೆಲ್ಲ ಎಸ್‌ಜೆಪಿ ಎನ್ನುವ ಪಾಲಿಟೆಕ್ನಿಕ್ ಅದೇ. ಅಲ್ಲಿ ಛಾಯಾಗ್ರಹಣವೂ ಒಂದು ಪಾಠವಿಷಯವಾಗಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ; ಅದಕ್ಕೂ ಒಂದೂವರೆ ದಶಕ ಮೊದಲು ಬೆಂಗಳೂರಿನಲ್ಲಿ ಈ ವಿದ್ಯೆಗೆ ತರಗತಿ, ಪ್ರಯೋಗಾಲಯ, ಡಿಪ್ಲೊಮಾ ಇತ್ತೆಂಬುದನ್ನು ನಾವು ಎಷ್ಟು ಜನ ನೆನೆಯುತ್ತೇವೆ? ಮೂರ್ತಿ 1946ರಲ್ಲಿ ಡಿಪ್ಲೊಮಾ ಮುಗಿಸಿ ಮತ್ತೆ ಮುಂಬಯಿಗೆ ಹೋದರು. ಈ ಸಲ ಕೈಯಲ್ಲಿ ಕಸುಬಿತ್ತು.

ಫಲಿ ಮಿಸ್ತ್ರಿಯವರಂಥ ನುರಿತವರ ಕೈಕೆಳಗೆ ಪಳಗಿದ ಮೂರ್ತಿ, 1951ರ ‘ಬಾಜಿ’ಯ ಹೊತ್ತಿಗೆ ವಿ. ರಾತ್ರಾ ಅವರಿಗೆ ಸಹಾಯಕರಾಗಿದ್ದರು. ಆ ಚಿತ್ರದ ನಿರ್ದೇಶಕ ಗುರುದತ್, ಬೆಂಗಳೂರಿನಲ್ಲಿ ಹುಟ್ಟಿದವರು, ನಿರ್ದೇಶಕನಾಗಿ ಅದೇ ಮೊದಲ ಚಿತ್ರ. ಕನ್ನಡಿಯೊಂದನ್ನು ಬಳಸಿಕೊಂಡು ಕ್ಯಾಮೆರಾ ಚಲಿಸುವ ಒಂದು ಕಷ್ಟದ ಶಾಟ್ ಅನ್ನು ಮೂರ್ತಿ ಸೂಚಿಸಿದರು, ತಾವೇ ಕ್ಯಾಮೆರಾ ಹಿಡಿದು ಮಾಡಿಯೂ ತೋರಿಸಿದರು. ಮುಂದಿನ ಚಿತ್ರಕ್ಕೆ ನೀವೇ ಎಂದು ಗುರುದತ್ ಹೇಳಿದ್ದು ಆಗ. 1952ರ ‘ಜಾಲ್’ನಿಂದ ಹಿಡಿದು 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ವರೆಗೆ ಆ ಒಡನಾಟ ನಡೆಯಿತು.

ಗುರುದತ್‌ಗೆ ಹತ್ತಿರದ ಮುಖಗಳ ಮೇಲೆ ಮೋಹ. ಆ ಕ್ಲೋಸಪ್‌ಗಳನ್ನು 75 ಅಥವಾ 100 ಮಿಲಿಮೀಟರ್ ಲೆನ್ಸಿನಲ್ಲಿ ತೆಗೆಯುತ್ತಿದ್ದರು. ಉದ್ದದ ಲೆನ್ಸು ಹಿನ್ನೆಲೆಯನ್ನು ಕರಗಿಸಿಬಿಡುತ್ತದೆ. ಮುಖ ಒಂದೇ ಉಳಿಯುತ್ತದೆ. ಆದರೆ ಅಲ್ಲಿ ಸ್ಫುಟವಾಗಿ ನಿಲ್ಲುವ ಆಳ ಬಹಳ ಕಡಿಮೆ. ನಟಿ ಒಂದಿಷ್ಟು ಮುಂದೆ ವಾಲಿದರೆ ಕಣ್ಣು ಫೋಕಸ್ ತಪ್ಪುತ್ತದೆ. ವಹೀದಾ ರೆಹಮಾನ್, ಮೀನಾ ಕುಮಾರಿಯವರ ಕಣ್ಣುಗಳ ಬಗ್ಗೆ ಬರೆದವರು ಲೆಕ್ಕವಿಲ್ಲದಷ್ಟಿದ್ದಾರೆ. ಆ ಕಣ್ಣಿನಲ್ಲಿ ಮಿನುಗುವ ಚುಕ್ಕೆ ಬೆಳಕನ್ನು ಎಲ್ಲಿಟ್ಟರೆ ಕಣ್ಣು ಜೀವಂತವಾಗುತ್ತದೆ ಎಂದು ಲೈಟನ್ನು ಇಂಚಿಂಚು ಸರಿಸುತ್ತಿದ್ದವರು ಮೂರ್ತಿ.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ದೃಶ್ಯವನ್ನು ನಿಧಾನವಾಗಿ ನೋಡೋಣ. ಖಾಲಿ ಸ್ಟುಡಿಯೋ. ಕೆಲಸಗಾರರು ಯಾರೂ ಇಲ್ಲ. ನಿರ್ದೇಶಕ ಮತ್ತು ಅವನ ನಾಯಕಿ ದೂರದೂರ ನಿಂತಿದ್ದಾರೆ. ಹೇಳಬೇಕಾದ್ದನ್ನು ಇಬ್ಬರೂ ಹೇಳಲಾರರು. ಗೀತಾ ದತ್ ದನಿಯ ಹಾಡು ಶುರುವಾಗುತ್ತದೆ. ಮೇಲಿನಿಂದ ಓರೆಯಾಗಿ ಬೆಳಕಿನ ಒಂದು ಕಂಬ ಕತ್ತಲೆಯನ್ನು ಸೀಳಿಕೊಂಡು ನೆಲಕ್ಕೆ ಇಳಿದಿದೆ. ಅವರು ಆ ಬೆಳಕಿನೊಳಕ್ಕೆ ನಡೆದು ಬರುತ್ತಾರೆ, ಹೊರಗೆ ಹೋಗುತ್ತಾರೆ.

ಗುರುದತ್‌ಗೆ ಬೇಕಿದ್ದದ್ದು ಸ್ಟುಡಿಯೋದೊಳಗೆ ನಿಜವಾದ ಸೂರ್ಯನ ಕಿರಣ. ಸ್ಟುಡಿಯೋ ದೀಪದಿಂದ ಅದು ಬರುವುದಿಲ್ಲ. ದೀಪ ಹತ್ತಿರವಿರುತ್ತದೆ, ಅದರ ಕಿರಣಗಳು ಬೀಸಣಿಗೆಯಂತೆ ಅಗಲವಾಗುತ್ತ ಹೋಗುತ್ತವೆ. ಸೂರ್ಯ ಅಷ್ಟು ದೂರದಲ್ಲಿರುವುದರಿಂದ ಅವನ ಕಿರಣಗಳು ನಮಗೆ ಸಮಾಂತರವಾಗಿ ಬರುತ್ತವೆ, ಕಂಬದ ಅಂಚು ನೇರವಾಗಿ ನಿಲ್ಲುತ್ತದೆ. ಇದು ಮೂರ್ತಿಯವರಿಗೆ ಪಾಠಶಾಲೆಯಲ್ಲಿ ಕಲಿತ ಭೌತವಿಜ್ಞಾನ. ಅವರು ಸೂರ್ಯನನ್ನೇ ಒಳಗೆ ತರಿಸಿದರು. ಸ್ಟುಡಿಯೋದ ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ. ಅದು ಬಿಸಿಲನ್ನು ಒಳಕ್ಕೆ ಎಸೆಯುತ್ತದೆ. ಒಳಗೆ ಮೇಲಿನ ಅಟ್ಟಣಿಗೆಯಲ್ಲಿ ಇನ್ನೊಂದು ಕನ್ನಡಿ. ಅದು ಆ ಬಿಸಿಲನ್ನು ನೆಲದ ಕಡೆಗೆ ತಿರುಗಿಸುತ್ತದೆ. ಕಿರಣ ಕಣ್ಣಿಗೆ ಕಾಣಬೇಕಾದರೆ ಗಾಳಿಯಲ್ಲಿ ಏನಾದರೂ ಇರಬೇಕು, ಅದಕ್ಕೆ ಹೊಗೆ. ಸೂರ್ಯ ನಿಲ್ಲುವುದಿಲ್ಲವಾದ್ದರಿಂದ ಕನ್ನಡಿಯನ್ನೂ ಅವನ ಜೊತೆ ತಿರುಗಿಸುತ್ತಿರಬೇಕು.

ಆ ಬೆಳಕನ್ನು ಚಮತ್ಕಾರವೆಂದು ಕೊಂಡಾಡುವವರಿದ್ದಾರೆ. ನನಗೆ ಅದು ಚಮತ್ಕಾರಕ್ಕಿಂತ ಹೆಚ್ಚಿನದು. ಸ್ಟುಡಿಯೋ ಎಂಬುದು ಎಲ್ಲ ಬೆಳಕೂ ಸುಳ್ಳಾಗಿರುವ ಜಾಗ. ಆ ಕಥೆಯ ನಾಯಕ ಅಂಥ ಬೆಳಕಿನಲ್ಲೇ ಬಾಳು ಸವೆಸಿದವನು. ಅವನ ಬದುಕಿನ ಒಂದೇ ಒಂದು ನಿಜದ ಗಳಿಗೆಗೆ ಹೊರಗಿನ ಸೂರ್ಯ ಛಾವಣಿಯ ಸಂದಿಯಿಂದ ಇಳಿದು ಬರುತ್ತಾನೆ. ಚಿತ್ರಕಥೆಯಲ್ಲಿ ಬರೆಯಲಾಗದ್ದನ್ನು ಕನ್ನಡಿಗಳು ಹೇಳಿದವು. ಬಿಡುಗಡೆಯಾದಾಗ ಚಿತ್ರ ಸೋತಿತು. ಮೂರ್ತಿಯವರಿಗೆ ಫಿಲಂಫೇರ್ ಪ್ರಶಸ್ತಿ ಬಂತು.

ಅದೇ ಮೂರ್ತಿ ಬೆಳಕನ್ನು ತಡೆಹಿಡಿದ ದೃಶ್ಯವೂ ಇದೆ. ‘ಸಾಹಿಬ್ ಬೀಬಿ ಔರ್ ಗುಲಾಮ್’ನ ಮುಜ್ರಾದಲ್ಲಿ ಮೀನೂ ಮುಮ್ತಾಜ್ ನಡುವೆ ಕುಣಿಯುತ್ತಾರೆ, ಸುತ್ತಲಿನ ನರ್ತಕಿಯರ ಗುಂಪಿನಲ್ಲಿ ಒಬ್ಬರ ಮುಖವೂ ಕಾಣುವುದಿಲ್ಲ. ಅವರು ಚಲಿಸುತ್ತಲೇ ಇರುತ್ತಾರೆ, ನೆರಳು ಅವರ ಮುಖದಿಂದ ಕದಲುವುದಿಲ್ಲ. ನೃತ್ಯ ಮಾಡುತ್ತಿರುವ ಗುಂಪನ್ನು ಹೀಗೆ ಕತ್ತಲೆಯಲ್ಲೇ ಇಟ್ಟುಕೊಂಡು, ಪಕ್ಕದಲ್ಲೇ ಇರುವ ಒಬ್ಬಳಿಗೆ ತುಂಬು ಬೆಳಕು ಕೊಡುವುದು ಎಷ್ಟು ಕಷ್ಟವೆಂಬುದನ್ನು ಸೆಟ್ಟಿನಲ್ಲಿ ಲೈಟು ಹಿಡಿದವರನ್ನು ಕೇಳಿ. ಪ್ರತಿ ದೀಪದ ಮುಂದೆ ಕಟ್ಟರ್ ಇಟ್ಟು, ಬೆಳಕು ಎಲ್ಲಿ ನಿಲ್ಲಬೇಕೋ ಅಲ್ಲಿ ಕತ್ತರಿಸಬೇಕು. ನರ್ತಕಿಯರ ಹೆಜ್ಜೆ ಆ ಗೆರೆ ದಾಟಬಾರದು. ಜಮೀನ್ದಾರನ ಹವೇಲಿಯಲ್ಲಿ ಯಾರಿಗೆ ಮುಖವಿದೆ, ಯಾರಿಗಿಲ್ಲ ಎಂದು ಆ ಗೆರೆ ಹೇಳುತ್ತದೆ.

2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಕನ್ನಡಕ್ಕೆ ಅವರು ಕ್ಯಾಮೆರಾ ಹಿಡಿದ ‘ಹೂವು ಹಣ್ಣು’ 1993ರಲ್ಲಿ ಬಂತು. ತ್ರಿವೇಣಿಯವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2014ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಮೂರ್ತಿ ಸೂರ್ಯನನ್ನು ಸ್ಟುಡಿಯೋದೊಳಗೆ ಕರೆತರುವುದಕ್ಕೆ ಮೂರು ವರ್ಷ ಮೊದಲು, ಕಲ್ಕತ್ತೆಯಲ್ಲಿ ಇನ್ನೊಬ್ಬರು ಆಕಾಶವನ್ನೇ ಒಳಗೆ ತಂದಿದ್ದರು. ಸುಬ್ರತ ಮಿತ್ರ. ‘ಪಥೇರ್ ಪಾಂಚಾಲಿ’ಗೆ ಮೊದಲು ಚಲನಚಿತ್ರದ ಕ್ಯಾಮೆರಾ ನಡೆಸಿದವರೇ ಅಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ, ಕಲ್ಕತ್ತೆಯಲ್ಲಿ ಜಾನ್ ರೆನ್ವಾರ್ ‘ದಿ ರಿವರ್’ ತೆಗೆಯುವಾಗ ಪಕ್ಕದಲ್ಲಿ ನಿಂತು ಟಿಪ್ಪಣಿ ಬರೆದುಕೊಂಡದ್ದೇ ಅವರ ಶಾಲೆ. 1956ರ ‘ಅಪರಾಜಿತೋ’ಕ್ಕೆ ಕಾಶಿಯ ಮನೆಯೊಂದು ಬೇಕಿತ್ತು. ಕಾಶಿಯ ಮನೆಗಳಲ್ಲಿ ನಡುವೆ ತೆರೆದ ಅಂಗಳ. ಬಿಸಿಲು ನೇರವಾಗಿ ಕೆಳಗಿಳಿಯುವುದು ಅಪರೂಪ, ಆಕಾಶದ ಹರಡಿದ ಬೆಳಕು ಮಾತ್ರ ಇಳಿಯುತ್ತದೆ. ಆ ಬೆಳಕಿಗೆ ನೆರಳಿಲ್ಲ. ಸೆಟ್ಟನ್ನು ಬಯಲಲ್ಲಿ ಹಾಕುವುದೆಂದಿತ್ತು. ಮಳೆಗಾಲದ ಹೆದರಿಕೆಯಿಂದ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಅದನ್ನು ಸ್ಟುಡಿಯೋದೊಳಗೆ ಕಟ್ಟಿದರು. ಮಿತ್ರ ಒಪ್ಪಲಿಲ್ಲ, ವಾದ ಮಾಡಿದರು. ಸ್ಟುಡಿಯೋ ದೀಪ ಹಾಕಿದರೆ ಪ್ರತಿ ಕಂಬಕ್ಕೂ ನಾಲ್ಕು ನೆರಳು ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ವಾದದಲ್ಲಿ ಸೋತ ಮೇಲೆ ದಾರಿ ಹುಡುಕಿದರು. ಅಂಗಳದ ಮೇಲೆ, ಆಕಾಶ ಇರಬೇಕಾದ ಜಾಗದಲ್ಲಿ, ಚೌಕಟ್ಟಿಗೆ ಬಿಗಿದ ಬಿಳಿಯ ಬಟ್ಟೆ ಕಟ್ಟಿಸಿದರು. ದೀಪಗಳನ್ನೆಲ್ಲ ಕೆಳಗಿನಿಂದ ಆ ಬಟ್ಟೆಗೆ ತಿರುಗಿಸಿದರು. ಬಟ್ಟೆಗೆ ಬಡಿದು ಚದುರಿ ಕೆಳಗಿಳಿದ ಬೆಳಕೇ ಕಾಶಿಯ ಆಕಾಶವಾಯಿತು. ಚಿತ್ರ ನೋಡಿದ ಬಹಳ ಮಂದಿ ಆ ಮನೆ ಸೆಟ್ ಎಂದು ನಂಬಲಿಲ್ಲ.

ಮೂರ್ತಿಯವರ ಬೆಳಕು ತಾನಿದ್ದೇನೆಂದು ಹೇಳುತ್ತದೆ, ಮಿತ್ರರ ಬೆಳಕು ತಾನಿಲ್ಲವೆಂದು ನಂಬಿಸುತ್ತದೆ. ಎರಡನೆಯದೇ ಶ್ರೇಷ್ಠ, ಮೊದಲನೆಯದು ನಾಟಕೀಯ ಎನ್ನುವ ಒಂದು ಅಭಿಪ್ರಾಯ ನಮ್ಮ ಫಿಲ್ಮ್ ಸೊಸೈಟಿಗಳಲ್ಲಿ ಬಹುಕಾಲ ಇತ್ತು. ನಾನು ಅದನ್ನು ಒಪ್ಪುವುದಿಲ್ಲ. ಗುರುದತ್ ಕಥೆ ಹೇಳುವುದು ಹಾಡಿನ ಮೂಲಕ, ಎತ್ತರಿಸಿದ ಭಾವದ ಮೂಲಕ; ಅಲ್ಲಿ ಕಾಶಿಯ ಅಂಗಳದ ಬೆಳಕು ತಂದಿಟ್ಟರೆ ಆ ಭಾವ ಸತ್ತುಹೋಗುತ್ತದೆ. ‘ಅಪರಾಜಿತೋ’ದ ತಾಯಿ ಸರ್ವಜಯೆಯ ಮನೆಗೆ ಸೂರ್ಯಕಿರಣದ ಕಂಬ ಇಳಿಸಿದರೆ ಆ ಬಡತನ ಅಲಂಕಾರವಾಗುತ್ತದೆ. ಕಥೆ ಯಾವುದು ಎಂದು ಕೇಳದೆ ಛಾಯಾಗ್ರಹಣ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಬರುವುದಿಲ್ಲ.

ಕನ್ನಡದ ಹೊಸ ಅಲೆಗೆ ಈ ಎರಡೂ ಧಾರೆಗಳ ನೀರು ಬಂತು. 1970ರ ‘ಸಂಸ್ಕಾರ’ದ ಅಗ್ರಹಾರವನ್ನು ಕಪ್ಪು ಬಿಳುಪಿನಲ್ಲಿ ಹಿಡಿದವರು ಟಾಮ್ ಕೋವನ್ ಎಂಬ ಆಸ್ಟ್ರೇಲಿಯನ್. 1973ರ ‘ಕಾಡು’ವಿನ ಛಾಯಾಗ್ರಾಹಕ ಗೋವಿಂದ ನಿಹಲಾನಿ, ಅವರೂ ಬೆಂಗಳೂರಿನ ಎಸ್‌ಜೆಪಿಯಲ್ಲೇ ಓದಿ, ವಿ.ಕೆ. ಮೂರ್ತಿಯವರ ಸಹಾಯಕರಾಗಿ ಕಲಿತವರು. ಬಾಲು ಮಹೇಂದ್ರ ತಾವೇ ನಿರ್ದೇಶಿಸಿ ಕ್ಯಾಮೆರಾ ಹಿಡಿದ ‘ಕೋಕಿಲ’ 1977ರದು. ಅದರ ಕಪ್ಪು ಬಿಳುಪಿನ ಕೆಲಸಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದೇ ವರ್ಷದ ‘ಘಟಶ್ರಾದ್ಧ’ದ ಛಾಯಾಗ್ರಾಹಕ ಎಸ್. ರಾಮಚಂದ್ರ. ಅವರ ಹೆಸರನ್ನು ಇಲ್ಲಿ ಒತ್ತಿ ಹೇಳಲೇಬೇಕು. ಶಂಕರನಾಗ್ ‘ಮಾಲ್ಗುಡಿ ಡೇಸ್’ ಮಾಡಿದಾಗ ಇಡೀ ದೇಶ ನೋಡಿದ್ದು ಅವರ ಕ್ಯಾಮೆರಾದ ಮೂಲಕವೇ.

‘ಘಟಶ್ರಾದ್ಧ’ದಲ್ಲಿ ನಾವು ಎಲ್ಲವನ್ನೂ ನಾಣಿ ಎಂಬ ಪುಟ್ಟ ಹುಡುಗನ ಜೊತೆ ನೋಡುತ್ತೇವೆ. ಅವನಿಗೆ ದೊಡ್ಡವರ ಲೋಕ ಅರ್ಧ ಅರ್ಥವಾಗುತ್ತದೆ. ಆ ಅರ್ಧವನ್ನು ಬೆಳಕಿನಲ್ಲಿ ತೋರಿಸುವುದು ಹೇಗೆ? ರಾಮಚಂದ್ರ ವೇದಪಾಠಶಾಲೆಯ ಒಳಮನೆಗಳನ್ನು ಪೂರ್ತಿ ಬೆಳಗಿಸಲು ಹೋಗಲಿಲ್ಲ. ಕಿಟಕಿ, ಬಾಗಿಲಿನ ಹತ್ತಿರ ಬಂದವರು ಕಾಣುತ್ತಾರೆ, ಹಿಂದೆ ಸರಿದವರು ಕರಗುತ್ತಾರೆ. ಕಪ್ಪು ಬಿಳುಪಿನಲ್ಲಿ ಬಿಳಿಯ ಪಂಚೆಗಳ ದೊಡ್ಡ ತೊಂದರೆಯೊಂದಿದೆ. ಅಚ್ಚ ಬಿಳಿ ಬಟ್ಟೆ ಮುಖಕ್ಕಿಂತ ಹೆಚ್ಚು ಹೊಳೆದು ಕಣ್ಣನ್ನು ತನ್ನ ಕಡೆ ಎಳೆಯುತ್ತದೆ; ಹಳೆಯ ಸ್ಟುಡಿಯೋಗಳಲ್ಲಿ ಅಂಥ ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ಬಣ್ಣ ಇಳಿಸುತ್ತಿದ್ದದ್ದು ಇದಕ್ಕೇ. ಬ್ರಾಹ್ಮಣರ ಅಗ್ರಹಾರದ ಕಥೆಯಲ್ಲಿ ಪಂಚೆಗಳ ಬಿಳುಪು, ಅಲ್ಲಿನ ವಿಧವೆ ಯಮುನಕ್ಕನ ಸುತ್ತ ಕವಿಯುವ ಕಪ್ಪು, ಇವೆರಡರ ತೂಕವನ್ನು ಶಾಟಿನಿಂದ ಶಾಟಿಗೆ ನೋಡಿಕೊಳ್ಳುವುದು ಕಥೆಯನ್ನೇ ನೋಡಿಕೊಂಡಂತೆ.

ಈಗ ಫಿಲಮ್ ಹೋಗಿ ಡಿಜಿಟಲ್ ಬಂದಿದೆ. ಇಂದಿನ ಕ್ಯಾಮೆರಾಗಳ ಸೆನ್ಸರು ಹಳೆಯ ಫಿಲಮ್ಮಿಗೆ ಕಾಣದಿದ್ದ ಕತ್ತಲೆಯಲ್ಲೂ ಕಾಣಬಲ್ಲದು. 2022ರ ‘ಕಾಂತಾರ’ದಲ್ಲಿ ಅರವಿಂದ್ ಕಶ್ಯಪ್ ಕೋಲದ ರಾತ್ರಿಗಳನ್ನು ದೊಂದಿಯ ಬೆಳಕಿನ ಬಣ್ಣದಲ್ಲಿ ಹಿಡಿದದ್ದಕ್ಕೆ ಈ ತಂತ್ರದ ನೆರವೂ ಇದೆ. ಆದರೆ ಯಂತ್ರಕ್ಕೆ ಎಲ್ಲವೂ ಕಾಣುವಾಗ ಯಾವುದು ಕಾಣಬಾರದೆಂದು ಹೇಳುವವನ ಹೊಣೆ ಹೆಚ್ಚುತ್ತದೆ. ಚಿತ್ರೀಕರಣ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಬಣ್ಣ, ಹೊಳಪು ಎಲ್ಲವನ್ನೂ ಬದಲಿಸಬಹುದು. ಆ ಕೋಣೆಯಲ್ಲಿ ಛಾಯಾಗ್ರಾಹಕನನ್ನು ಕೂರಿಸದೆಯೇ ಕೆಲಸ ಮುಗಿಸಿದ ಉದಾಹರಣೆಗಳನ್ನು ಈ ಕಸುಬಿನವರು ನೋವಿನಿಂದ ಹೇಳುತ್ತಾರೆ. ಇತ್ತ ಪದದ ಅರ್ಥವೂ ಮತ್ತೆ ಸರಿಯುತ್ತಿದೆ. ‘ಅವತಾರ್’, ‘ಲೈಫ್ ಆಫ್ ಪೈ’ ಚಿತ್ರಗಳ ಬಹುಪಾಲು ದೃಶ್ಯ ಕಂಪ್ಯೂಟರಿನಲ್ಲಿ ಕಟ್ಟಿದ್ದು. ಎರಡಕ್ಕೂ ಛಾಯಾಗ್ರಹಣದ ಆಸ್ಕರ್ ಬಂತು, ಲೆನ್ಸಿನ ಮುಂದೆ ಇಲ್ಲದ್ದನ್ನು ತೆಗೆದವರು ಛಾಯಾಗ್ರಾಹಕರೇ ಎಂಬ ತಕರಾರೂ ಎದ್ದಿತು. 2008ರ ‘ವಾಲ್-ಇ’ ಎಂಬ ಆನಿಮೇಷನ್ ಚಿತ್ರಕ್ಕೆ ಬೆಳಕಿನ ಸಲಹೆ ಕೊಡಲು ಛಾಯಾಗ್ರಾಹಕ ರಾಜರ್ ಡೀಕಿನ್ಸ್ ಅವರನ್ನು ಕರೆಸಿದ್ದರು. ಅಲ್ಲಿ ಕ್ಯಾಮೆರಾವೇ ಇಲ್ಲ. ಆದರೂ ಬೆಳಕು ಎಲ್ಲಿಂದ ಬರಬೇಕೆಂದು ಬಲ್ಲವರು ಬೇಕಾದರು. ಈ ತಕರಾರಿನಲ್ಲಿ ನಾನು ಯಾವ ಕಡೆ ಎಂಬುದು ಈಗಾಗಲೇ ನಿಮಗೆ ತಿಳಿದಿರುತ್ತದೆ.

ನನಗೆ ಇದಕ್ಕಿಂತ ತುರ್ತಾಗಿ ಕಾಣುವುದು ಹಳೆಯ ಚಿತ್ರಗಳ ವಿಷಯ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ ಪ್ರದರ್ಶನವಾಯಿತು. ಅದರ ನಿರ್ದೇಶಕ ಕಾಸರವಳ್ಳಿಯವರು ನಮ್ಮ ನಡುವೆ ಇದ್ದರು. ಛಾಯಾಗ್ರಾಹಕ ಎಸ್. ರಾಮಚಂದ್ರ ಇರಲಿಲ್ಲ. ಹಳೆಯ ಚಿತ್ರವನ್ನು ಪುನರುಜ್ಜೀವಿಸುವ ಕೆಲಸದಲ್ಲಿ ಛಾಯಾಗ್ರಾಹಕನ ಗೈರುಹಾಜರಿ ಸಣ್ಣ ವಿಷಯವಲ್ಲ. ನೆಗೆಟಿವ್‌ನಲ್ಲಿ ಇರುವುದು ಚಿತ್ರವಲ್ಲ, ಚಿತ್ರದ ಸಾಧ್ಯತೆ. ಪ್ರಿಂಟ್ ತೆಗೆಯುವಾಗ ಪ್ರಯೋಗಾಲಯದಲ್ಲಿ ಪ್ರತಿ ಶಾಟಿಗೂ ಎಷ್ಟು ಬೆಳಕು ಹಾಯಿಸಬೇಕೆಂದು 1ರಿಂದ 50ರವರೆಗಿನ ಅಂಕಿಯಲ್ಲಿ ಗುರುತು ಮಾಡುತ್ತಿದ್ದರು. ಛಾಯಾಗ್ರಾಹಕ ಪಕ್ಕದಲ್ಲಿ ಕೂತು, ಇದು ಇನ್ನೆರಡು ಅಂಕಿ ಕಪ್ಪಾಗಲಿ, ಇದು ಬೇಡ ಎನ್ನುತ್ತಿದ್ದ. ಆ ಅಂಕಿಗಳ ಚೀಟಿ ಉಳಿಯದಿದ್ದರೆ, ಅಂದಿನ ಒಳ್ಳೆಯ ಪ್ರಿಂಟೂ ಸಿಗದಿದ್ದರೆ, ನಡುಮನೆಯ ಕತ್ತಲೆ ಎಷ್ಟು ಕಪ್ಪಗಿರಬೇಕೆಂದು ಇಂದಿನ ತಂತ್ರಜ್ಞ ಊಹಿಸಬೇಕಾಗುತ್ತದೆ. ಇಂದಿನ ಕಣ್ಣಿಗೆ ಹೊಳಪಿನ ಅಭ್ಯಾಸ. ಕತ್ತಲೆಯಲ್ಲಿ ಉಳಿಯಬೇಕಿದ್ದ ಮುಖವನ್ನು ಆತ ಒಳ್ಳೆಯ ಮನಸ್ಸಿನಿಂದಲೇ ಬೆಳಗಿಸಿಬಿಡಬಲ್ಲ.

ಕನ್ನಡದಲ್ಲಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕ್ಯಾಮೆರಾ ಹಿಡಿದ ಹಿರಿಯರು, ಅವರ ಜೊತೆ ಫೋಕಸ್ ನೋಡಿಕೊಂಡವರು, ಲೈಟು ಎತ್ತಿದವರು ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ನಟರ, ನಿರ್ದೇಶಕರ ಆತ್ಮಕಥೆಗಳು ನಮ್ಮಲ್ಲಿ ಬಂದಿವೆ, ಬರಲಿ. ಈ ಕೈಗಳ ಮಾತನ್ನು ಧ್ವನಿಮುದ್ರಿಸಿಕೊಳ್ಳುವ, ಅವರ ನೋಟ್‌ಬುಕ್ಕು, ಲೈಟಿಂಗ್ ನಕ್ಷೆ, ಲ್ಯಾಬ್ ಚೀಟಿಗಳನ್ನು ಮನೆಯ ಅಟ್ಟಗಳಿಂದ ಇಳಿಸಿ ಕಾಪಾಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಕೈಗೆತ್ತಿಕೊಳ್ಳಬೇಕು. ಒಂದೊಂದು ಚಿತ್ರವನ್ನು ಅವರ ಎದುರು ತೆರೆಯ ಮೇಲೆ ಓಡಿಸಿ, ನಿಲ್ಲಿಸಿ ನಿಲ್ಲಿಸಿ, ಈ ಬೆಳಕು ಇಲ್ಲೇಕೆ, ಈ ಮುಖ ಹೀಗೇಕೆ ಎಂದು ಕೇಳಿ ಬರೆದುಕೊಳ್ಳಬೇಕು. ಇಂಥ ಉಪನ್ಯಾಸಗಳನ್ನು ಏರ್ಪಡಿಸುವ ದತ್ತಿಗಳ ಬಡ್ಡಿಯಲ್ಲಿ ವರ್ಷಕ್ಕೆ ಒಂದು ಚಿತ್ರದ ಕೆಲಸ ಖಂಡಿತ ಆದೀತು. ‘ಕಾಡು’, ‘ಚೋಮನ ದುಡಿ’, ‘ಋಷ್ಯಶೃಂಗ’, ‘ದ್ವೀಪ’: ಎಲ್ಲಿಂದ ಬೇಕಾದರೂ ಶುರುಮಾಡಬಹುದು.